ಕೆಟ್ಟ ಫ್ರಿಜ್ಜಿನೊಳಗಿನ ಪುಅರ್

ಮಡಿಕೇರಿ ಬಳಿ, 19 ಜುಲೈ 2024, ಶುಕ್ರವಾರ

ಕೊಡವರ ಕಕ್ಕಡ ತಿಂಗಳು ಈಗಷ್ಟೇ ಹುಟ್ಟಿದೆ. ಬೆಳಗಿನಿಂದ ಮಳೆ ಒಂದು ಗಳಿಗೆಯೂ ಬಿಡುವು ಕೊಡದ ಕಾರಣ ತೋಟದ ಕಡೆ ಹೋಗುವ ಯೋಚನೆ ಬಿಟ್ಟು, ಮಾಗಲೆಂದು ಕೂಡಿಟ್ಟಿರುವ ಪುಅರ್ ಎಂಬ ಚೀನೀ ಚಹಾದ ಒತ್ತಿದ ಬಿಲ್ಲೆಗಳ ತಪಾಸಣೆಗೆ ಕುಳಿತೆ. ಪಡಸಾಲೆಯ ತೇವಾಂಶ ಮಾಪಕ ಶೇ 91 ತೋರಿಸುತ್ತಿತ್ತು. ಬಿಲ್ಲೆಗಳಿರುವ ಹಳೆಯ ಫ್ರಿಜ್ಜಿನೊಳಗಿನ ಮಾಪಕ ಶೇ 67 ತೋರಿಸುತ್ತಿತ್ತು. ಕಂಪ್ರೆಸರ್ ಸತ್ತು ಗುಜರಿಗೆ ಹೋಗಬೇಕಿದ್ದ ಈ ಫ್ರಿಜ್ಜಿನ ಬಾಗಿಲಿನ ರಬ್ಬರ್ ಮಾತ್ರ ಇನ್ನೂ ಗಟ್ಟಿಯಾಗಿರುವುದರಿಂದ, ಕೊಡಗಿನ ಮಳೆಗಾಲಕ್ಕೂ ನನ್ನ ಸಂಗ್ರಹಕ್ಕೂ ನಡುವೆ ಈಗ ಇರುವುದು ಆ ರಬ್ಬರ್ ಪಟ್ಟಿಯೊಂದೇ.

ಈ ಪಾಠವನ್ನು ನಾನು ಕಲಿತದ್ದು ನಷ್ಟದಿಂದ. 2018ರ ಆಗಸ್ಟಿನಲ್ಲಿ ನಮ್ಮ ಸುತ್ತಲಿನ ಗುಡ್ಡಗಳು ಕುಸಿದಾಗ ಚಹಾದ ಕಡೆ ನೋಡುವ ಮನಸ್ಸು ಯಾರಿಗಿದ್ದೀತು? ಅಕ್ಟೋಬರಿನಲ್ಲಿ ಮರದ ಕಪಾಟು ತೆರೆದಾಗ ಮೂರು ಬಿಲ್ಲೆಗಳ ಅಂಚಿನಲ್ಲಿ ಹಸಿರು ಬೂಷ್ಟು ಹತ್ತಿಯಂತೆ ಎದ್ದು ನಿಂತಿತ್ತು. ಕೆರೆದು ಕುಡಿಯಬಹುದೆಂದು ಹೇಳಿದವರಿದ್ದರು. ನಾನು ಮೂರನ್ನೂ ಗೊಬ್ಬರದ ಗುಂಡಿಗೆ ಹಾಕಿದೆ.

ಪುಅರ್ ಚಹಾಕ್ಕೆ ತೇವ ಬೇಡವೆಂದಲ್ಲ, ತೇವವಿಲ್ಲದೆ ಅದು ಮಾಗುವುದೇ ಇಲ್ಲ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಬೆಳೆಯುವ, ನಮ್ಮ ಅಸ್ಸಾಮಿನ ಗಿಡದ ಜಾತಿಗೇ ಸೇರಿದ ದೊಡ್ಡ ಎಲೆಯನ್ನು ಬಾಣಲೆಯಲ್ಲಿ ಹದವಾಗಿ ಬಾಡಿಸಿ, ಹೊಸೆದು, ಬಿಸಿಲಿಗೆ ಒಣಗಿಸಿ, ಹಬೆಯಲ್ಲಿ ಮೆತ್ತಗಾಗಿಸಿ ಬಿಲ್ಲೆಯಾಗಿ ಒತ್ತುತ್ತಾರೆ. ಎಲೆಯನ್ನು ಪೂರ್ತಿ ಬೇಯಿಸಿ ಕೊಲ್ಲದ ಕಾರಣ ಅದರೊಳಗಿನ ಬದಲಾವಣೆ ವರ್ಷಾನುಗಟ್ಟಲೆ ಮುಂದುವರಿಯುತ್ತದೆ. ಇದು ಷೆಂಗ್ ಎಂಬ ಹಸಿ ಬಗೆ. ಕಾಯುವ ತಾಳ್ಮೆಯಿಲ್ಲದವರಿಗಾಗಿ 1970ರ ದಶಕದಲ್ಲಿ ಯುನ್ನಾನಿನ ರಾಜಧಾನಿ ಕುನ್ಮಿಂಗಿನ ಕಾರ್ಖಾನೆಯವರು ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಹೊದಿಸಿ, ಕೆಲವು ವಾರಗಳಲ್ಲೇ ಕಪ್ಪಾಗಿಸುವ ವಿಧಾನವನ್ನು ರೂಢಿಗೆ ತಂದರು, ಅದು ಷೋ. ಕುಡಿಯಲು ನನಗೆ ಷೋ ಇಷ್ಟವೇ, ಆದರೆ ಕೂಡಿಡಲು ಷೆಂಗ್ ಒಂದೇ ತಕ್ಕದ್ದು.

ಹಾಂಗ್‌ಕಾಂಗಿನ ಸೆಕೆಯಲ್ಲಿ ಷೆಂಗ್ ಬೇಗ ಮಾಗುತ್ತದೆ, ಎತ್ತರದ ಒಣ ಹವೆಯ ಕುನ್ಮಿಂಗಿನಲ್ಲಿ ನಿಧಾನಿಸುತ್ತದೆ. ನಮ್ಮ ಊರು ಈ ಎರಡಕ್ಕೂ ಸೇರದು: ಜೂನಿನಿಂದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ, ಫೆಬ್ರವರಿಗೆ ತುಟಿ ಒಡೆಯುತ್ತದೆ, ಸೆಕೆಯಂತೂ ಹೇಳಿಕೊಳ್ಳುವಷ್ಟಿಲ್ಲ. ಹಾಗಾಗಿ ಮಳೆಗಾಲದಲ್ಲಿ ಫ್ರಿಜ್ಜನ್ನು ಮುಚ್ಚಿಯೇ ಇಟ್ಟು, ಬೇಸಿಗೆಯಲ್ಲಿ ಒದ್ದೆ ಮಾಡಿದ ಮಣ್ಣಿನ ಬಟ್ಟಲೊಂದನ್ನು ಒಳಗಿಡುತ್ತೇನೆ.

ತೇವಕ್ಕಿಂತ ಕಷ್ಟದ್ದು ವಾಸನೆ. ಒತ್ತಿದ ಎಲೆ ಸುತ್ತಲಿನ ಗಂಧವನ್ನೆಲ್ಲ ಹೀರುತ್ತದೆ, ನಮ್ಮ ಮನೆಯಲ್ಲಾದರೋ ಒಂದು ಕೋಣೆಯಲ್ಲಿ ಕಾಫಿ, ಇನ್ನೊಂದರಲ್ಲಿ ಕಾಳುಮೆಣಸು, ಅಟ್ಟದಲ್ಲಿ ಏಲಕ್ಕಿ. ಫ್ರಿಜ್ಜಿನ ಹಳೆಯ ನಾತ ಹೋಗಲು ಸೋಡಾಪುಡಿಯಲ್ಲಿ ತೊಳೆದು ಒಂದು ತಿಂಗಳು ಬಿಸಿಲಿಗಿಟ್ಟಿದ್ದೆ. ಆಗ ಅಮ್ಮ, "ಮೆಣಸನ್ನಾದರೆ ದರ ಏರಿದ ದಿನ ಮಾರಬಹುದು, ಇದನ್ನು ಯಾರಿಗೆ ಮಾರುತ್ತೀಯಾ?" ಎಂದು ಕೇಳಿದ್ದರು. ದರ ಏರುವುದನ್ನೇ ನೆಚ್ಚಿ ಚಹಾ ಕೂಡಿಟ್ಟವರೂ ಇದ್ದರು. 2007ರಲ್ಲಿ ಚೀನಾದಲ್ಲಿ ಪುಅರ್ ದರ ಒಮ್ಮೆಲೇ ಕುಸಿದಾಗ ಅವರ ಗೋದಾಮುಗಳಲ್ಲಿ ಉಳಿದದ್ದು ಬರೀ ಸೊಪ್ಪು. ಮೆಣಸಿನ ದರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಳ್ಳುವಾಗಲೂ ನಾನು ಮೋಸ ಹೋಗಿದ್ದೇನೆ. ಆನ್‌ಲೈನಿನ ಒಬ್ಬ ವ್ಯಾಪಾರಿ 1990ರ ದಶಕದ್ದೆಂದು ಹೇಳಿ ಕಳುಹಿಸಿದ ಬಿಲ್ಲೆಯ ಹೊದಿಕೆಯಲ್ಲಿ 7542 ಎಂದು ದೊಡ್ಡದಾಗಿ ಅಚ್ಚಾಗಿತ್ತು. ಮೊದಲೆರಡು ಅಂಕಿ ಆ ಮಿಶ್ರಣ ರೂಪುಗೊಂಡ 1975ನೇ ಇಸವಿಯನ್ನು, ಮೂರನೆಯದು ಎಲೆಯ ದರ್ಜೆಯನ್ನು, ಕೊನೆಯ 2 ಮೆಂಗ್‌ಹಾಯ್ ಕಾರ್ಖಾನೆಯನ್ನು ಸೂಚಿಸುತ್ತವೆಯೇ ಹೊರತು, ಬಿಲ್ಲೆ ಒತ್ತಿದ ವರ್ಷವನ್ನಲ್ಲ. ಅಷ್ಟು ನನಗೆ ತಿಳಿದಿತ್ತು. ಆದರೆ ತೆಳು ಕಾಗದದ ಹಿಂಬದಿಯಲ್ಲಿ ಮಡಿಕೆಯೊಳಗೆ ಅಡಗಿದ್ದ ‘ಕ್ಯೂಎಸ್’ ಎಂಬ ಆಹಾರ ಗುಣಮಟ್ಟದ ಮುದ್ರೆಯನ್ನು ಕಂಡದ್ದು ಹಣ ಕೊಟ್ಟ ಎರಡು ತಿಂಗಳ ಮೇಲೆ. ಚೀನಾದಲ್ಲಿ ಆ ಮುದ್ರೆ ಬಳಕೆಗೆ ಬಂದದ್ದೇ 2000ದ ನಂತರ. ಚಹಾ ಕುಡಿಯಲು ಅಡ್ಡಿಯಿರಲಿಲ್ಲ ಎನ್ನುವುದು ಬೇರೆ ಮಾತು.

ಇಂದು ತೂಗಿದ್ದು 2019ರ ಫೆಬ್ರವರಿಯಲ್ಲಿ ಕೊಂಡ ಜೋಡಿ ಬಿಲ್ಲೆಗಳನ್ನು. ಹೊದಿಕೆಯ ಮೇಲೆ 357 ಗ್ರಾಂ ಎಂದಿದೆ. ಮುರಿಯದ ಬಿಲ್ಲೆ ಬಂದ ದಿನ ನನ್ನ ತಕ್ಕಡಿಯಲ್ಲಿ 354 ಇದ್ದದ್ದು ಇಂದು 361 ತೂಗಿತು. ಅಷ್ಟೂ ನಮ್ಮೂರಿನ ನೀರು! ಇನ್ನೊಂದರ ಅಂಚಿನಿಂದ ಎಲೆ ತುಂಡಾಗದಂತೆ ಸೂಜಿಯಿಂದ ಆರು ಗ್ರಾಂ ಬಿಡಿಸಿ, ನೂರು ಮಿಲಿ ಹಿಡಿಯುವ ಮುಚ್ಚಳದ ಬಟ್ಟಲಿಗೆ ಹಾಕಿ, ಕುದಿಯುವ ನೀರು ಸುರಿದು ಮೊದಲು ಬಸಿದದ್ದನ್ನು ಚೆಲ್ಲಿ, ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕಿ ಬಸಿದು ಕುಡಿದೆ. ಕೊಂಡ ವರ್ಷ ಹುಲ್ಲಿನ ಹಳದಿಯಿದ್ದ ಬಣ್ಣ ಈಗ ಜೇನಿನ ಕಡೆಗೆ ತಿರುಗಿದೆ. ನಾಲ್ಕನೆಯ ಸಲ ಬಸಿಯುವವರೆಗೂ ಕಹಿ ಇತ್ತು, ಆದರೆ ಆಗಿನಂತೆ ಗಂಟಲು ಹಿಡಿಯುವ ಒಗರಿರಲಿಲ್ಲ. ಬೆಟ್ಟದ ನೆಲ್ಲಿಕಾಯಿ ಜಗಿದು ನೀರು ಕುಡಿದಾಗ ಬರುವಂಥ ಸಿಹಿ ನಾಲಿಗೆಯ ಬುಡದಲ್ಲಿ ಬಹಳ ಹೊತ್ತು ಉಳಿಯಿತು. ಏಲಕ್ಕಿಯ ಸುಳಿವಿಗಾಗಿ ಹುಡುಕಿದೆ, ಸಿಗಲಿಲ್ಲ.

ಇದೇ ಹೊತ್ತಿಗೆ ಬೆಂಗಳೂರಿನ ಗೆಳೆಯನ ಸಂದೇಶ ಬಂತು. ಬಿದಿರಿನ ಹಾಳೆಯಲ್ಲಿ ಸುತ್ತಿದ ಏಳು ಬಿಲ್ಲೆಗಳ ಒಂದು ಕಟ್ಟನ್ನು ಪಾಲಿನಲ್ಲಿ ತರಿಸೋಣವೇ ಎಂದು ಕೇಳಿದ್ದ. ಹೊರದೇಶದ ಚಹಾಕ್ಕೆ ನಮ್ಮಲ್ಲಿ ಮೂಲ ಸುಂಕವೇ ಶೇ 100 ಇರುವಾಗ, ರುಚಿ ನೋಡದೆ ಕಟ್ಟುಗಟ್ಟಲೆ ಕೊಳ್ಳುವ ಧೈರ್ಯ ನನಗಿಲ್ಲ. ಮೊದಲು ಇಪ್ಪತ್ತೈದು ಗ್ರಾಂ ಮಾದರಿ ತರಿಸಲು ಬರೆದೆ. ಫ್ರಿಜ್ಜಿನಲ್ಲಿ ಜಾಗವೂ ಎರಡೇ ಬಿಲ್ಲೆಗಿದೆ.

ಬಾಗಿಲು ಮುಚ್ಚುವಷ್ಟರಲ್ಲಿ ಅಮ್ಮ ಹಲಸಿನ ಹಪ್ಪಳದ ಡಬ್ಬ ಹಿಡಿದು ಬಂದರು. "ಮನೆಯಲ್ಲಿ ಒಣಗಿರುವ ಜಾಗ ಇದೊಂದೇ, ಇದನ್ನೂ ಒಳಗಿಡು." ಹಪ್ಪಳಕ್ಕೆ ಧಾರಾಳವಾಗಿ ಇಂಗು ಬಿದ್ದಿತ್ತು. ಔಷಧಿ ಡಬ್ಬಗಳಿಂದ ಕೂಡಿಟ್ಟಿದ್ದ ಸಿಲಿಕಾ ಪೊಟ್ಟಣಗಳನ್ನೆಲ್ಲ ಡಬ್ಬಕ್ಕೆ ಹಾಕಿಕೊಟ್ಟು ಅವರನ್ನು ಸಾಗಹಾಕಿದೆ.