ಡಿ ಡ್ರೈವ್ ಬಂತು, ಫಾಂಟು ಎಲ್ಲಿ?

16 ನವೆಂಬರ್ 2025, ಭಾನುವಾರ
ದಾವಣಗೆರೆ

ಮಾವನ ಡಿಟಿಪಿ ಅಂಗಡಿಯ ಹಳೇ ಲ್ಯಾಪ್‌ಟಾಪಿಗೆ ಇವತ್ತು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿ ಮುಗಿಸಿದೆ. ಹಾಕಿದ್ದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮುಂಚಿನದೇ ದೊಡ್ಡ ರಾಮಾಯಣ.

ಒಳಗಿದ್ದದ್ದು 500 ಜಿಬಿ ಹಾರ್ಡ್ ಡಿಸ್ಕ್. ಕೆಲವು ವಾರಗಳಿಂದ ವಿಂಡೋಸ್ ತೆರೆಯಲು ಒದ್ದಾಡುತ್ತಿತ್ತು, ಫೋಲ್ಡರ್ ಕ್ಲಿಕ್ ಮಾಡಿದರೆ ಸುಮ್ನೆ ನಿಂತುಬಿಡುತ್ತಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ತೆಗೆದು ನೋಡಿದರೆ 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸಂಖ್ಯೆ ಏರುತ್ತಲೇ ಇದೆ. ಅಂದರೆ ಓದಲು ಆಗದೆ ಡಿಸ್ಕ್ ತಾನೇ ಅನುಮಾನದ ಪಟ್ಟಿಗೆ ಸೇರಿಸಿಕೊಂಡ ಜಾಗಗಳು. ಹತ್ತಿರದ ರಿಪೇರಿ ಅಂಗಡಿಯವರು 'ಚೆಕ್‌ಡಿಸ್ಕ್ ಓಡಿಸಿ, ಆಗದಿದ್ದರೆ ಫಾರ್ಮ್ಯಾಟ್ ಮಾಡೋಣ' ಅಂದಿದ್ದರಂತೆ. ಪುಣ್ಯಕ್ಕೆ ಮಾವ ಒಪ್ಪಿರಲಿಲ್ಲ. ವಿಂಡೋಸಿನ ಈ ಚೆಕ್‌ಡಿಸ್ಕ್ ಸರಿಮಾಡುವುದು ಫೈಲುಗಳ ಲೆಕ್ಕಪುಸ್ತಕವನ್ನು, ಫೈಲುಗಳನ್ನಲ್ಲ. ಕೆಟ್ಟ ಜಾಗ ಹುಡುಕಲು ಬಿಟ್ಟರೆ ಸಾಯುತ್ತಿರುವ ಡಿಸ್ಕನ್ನು ಪೂರ್ತಿ ಓದಿಸಿ, ಅದರ ಮೇಲೆಯೇ ಬರೆಯುತ್ತದೆ ಬೇರೆ. ನಮ್ಮದು ಟಕ್ ಟಕ್ ಸದ್ದು ಮಾಡುತ್ತಿರಲಿಲ್ಲ. ಮಾಡಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಅದು ಡಿಸ್ಕನ್ನು ಓದುವ ಹೆಡ್ಡಿನ ತೊಂದರೆ, ಆಫ್ ಮಾಡಿ ರಿಕವರಿ ಲ್ಯಾಬಿಗೆ ಕೊಡಬೇಕು, ಖರ್ಚು ಜಾಸ್ತಿ.

ಡಿಸ್ಕ್ ಬಿಚ್ಚದೆ, ಸಿಸ್ಟಮ್‌ರೆಸ್ಕ್ಯೂ ಎಂಬ ತುರ್ತು ಆಪರೇಟಿಂಗ್ ಸಿಸ್ಟಮ್ ಹಾಕಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿಯನ್ನು ಹೊರಗಿನ 1 ಟಿಬಿ ಡ್ರೈವಿಗೆ ಇಳಿಸಲು ಹಚ್ಚಿದೆ. ಇದರ ಜಾಣತನ ನನಗೆ ಬಹಳ ಇಷ್ಟ. ಸಾಮಾನ್ಯ ಕಾಪಿ ಕೆಟ್ಟ ಜಾಗ ಸಿಕ್ಕ ಕೂಡಲೇ ಅಲ್ಲೇ ಹಟ ಹಿಡಿದು ಕೂರುತ್ತದೆ. ಇದು ಊಟದೆಲೆಯಲ್ಲಿ ಹಾಗಲಕಾಯಿ ಪಲ್ಯವನ್ನು ಪಕ್ಕಕ್ಕೆ ತಳ್ಳುವ ಮಗುವಿನ ಹಾಗೆ, ಸಲೀಸಾಗಿ ಸಿಗುವುದನ್ನೆಲ್ಲ ಮೊದಲು ಮುಗಿಸಿ, ಕಷ್ಟದ್ದಕ್ಕೆ ಕೊನೆಯಲ್ಲಿ ಕೈಹಾಕುತ್ತದೆ. ಯಾವ ಜಾಗ ಓದಿದೆ, ಯಾವುದು ಬಾಕಿ ಎಂದು ಮ್ಯಾಪ್‌ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಫೈಲನ್ನೂ ಹೊರಗಿನ ಡ್ರೈವಿನಲ್ಲೇ ಇಡಬೇಕು, ಪೆನ್‌ಡ್ರೈವ್‌ನಿಂದ ಓಡುವ ಸಿಸ್ಟಮ್ ಆಫ್ ಆದರೆ ಅದರ ನೆನಪು ಹೋಗುತ್ತದೆ. ಮಧ್ಯಾಹ್ನ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವ ಕಾಲವೋ ಆಗಿದೆ. ಕರೆಂಟ್ ಬಂದ ಮೇಲೆ ಅದೇ ಆದೇಶ ಮತ್ತೆ ಕೊಟ್ಟೆ, ನಿಂತಲ್ಲಿಂದಲೇ ಮುಂದುವರಿಯಿತು.

ಪ್ರತಿ ಮುಗಿದ ಮೇಲೆ ಅದನ್ನು ಓದಲು ಮಾತ್ರ ಆಗುವಂತೆ ತೆರೆದು ನೋಡಿದೆ. ಮಾವನ ಕೆಲಸವೆಲ್ಲ ಡಿ ಡ್ರೈವಿನಲ್ಲಿ: ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್, ತಿಥಿ ಕಾರ್ಡು. ಎಲ್ಲ ಪೇಜ್‌ಮೇಕರ್ ಎಂಬ ಹಳೇ ಪುಟ ವಿನ್ಯಾಸ ತಂತ್ರಾಂಶದ ಫೈಲುಗಳು. ಹೆಸರು ಸಮೇತ ಬಂದವು. ಕೆಲವು ಫೋಟೋ ಮಾತ್ರ ಅರ್ಧಕ್ಕೆ ನಿಂತು ಕೆಳಗೆ ಬೂದು ಬಣ್ಣ. ಮಾವನಿಗೆ ಖುಷಿ, 'ಅಷ್ಟು ಸಾಕು ಬಿಡೋ ಅಳಿಯ, ಸಿ ಡ್ರೈವಲ್ಲಿ ಏನಿದೆ ಮಣ್ಣು!' ಅಂದರು.

ಮಣ್ಣಲ್ಲ. ಫಾಂಟುಗಳೆಲ್ಲ ಅಲ್ಲೇ ಇರೋದು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟುಗಳು ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು. ಆ ಫಾಂಟು ಇಲ್ಲದ ಯಂತ್ರದಲ್ಲಿ ಫೈಲು ತೆರೆದರೆ 'ಚಿ॥ ಸೌ॥' ಇರುವ ಕಡೆ ಯಾವುದೋ ಯುರೋಪಿನ ಭಾಷೆಯ ಹಾಗೆ ಕಾಣುವ ಚಿಹ್ನೆಗಳು. ನುಡಿಯನ್ನು ಹೊಸದಾಗಿ ಹಾಕಬಹುದು ನಿಜ. ಆದರೆ ಲಗ್ನಪತ್ರಿಕೆಗೆಂದೇ ಮಾವ ವರ್ಷಗಟ್ಟಲೆ ಅಲ್ಲಿಂದ ಇಲ್ಲಿಂದ ಕೂಡಿಸಿದ ಅಲಂಕಾರದ ಫಾಂಟುಗಳನ್ನು ಈಗ ಎಲ್ಲಿ ಹುಡುಕುವುದು? ವಿಂಡೋಸಿನ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ಎತ್ತಿಟ್ಟೆ. ಡಿಸ್ಕ್ ಪೂರ್ತಿ ಪ್ರತಿ ಮಾಡುವುದಕ್ಕೂ ಬೇಕಾದ್ದಷ್ಟೇ ಕಾಪಿ ಮಾಡುವುದಕ್ಕೂ ವ್ಯತ್ಯಾಸ ಇಲ್ಲೇ ಗೊತ್ತಾಗುವುದು, ಅಲ್ವಾ?

ಎಸ್‌ಎಸ್‌ಡಿ 2.5 ಇಂಚಿನ ಸಾಟಾ (ಹಳೇ ಡಿಸ್ಕಿನದೇ ಬಗೆಯ ಕನೆಕ್ಟರ್). ಹಳೇ ಡಿಸ್ಕ್ 9.5 ಮಿಮೀ ದಪ್ಪ, ಇದು 7. ಆದರೂ ಸ್ಕ್ರೂ ತೂತುಗಳು ಒಂದೇ ಅಳತೆ, ಡಿಸ್ಕ್ ಕೂರುವ ಹಳೇ ಚೌಕಟ್ಟಿಗೆ (ಕ್ಯಾಡಿ) ಸರಿಯಾಗಿ ಕೂತಿತು. ವಿಂಡೋಸ್ 11 ಈ ಯಂತ್ರಕ್ಕೆ ಆಗುವುದಿಲ್ಲ. 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿದರೆ ಪೇಜ್‌ಮೇಕರ್ ಗತಿ ಏನು? ಕೊನೆಗೆ 10 ಅನ್ನೇ ಹಾಕಿ, ಸುರಕ್ಷತೆಗೆ ವೈಫೈ ಬಂದ್ ಮಾಡಿ, ಇದು ಕಾರ್ಡ್ ಮಾಡೋಕೆ ಮಾತ್ರ ಅಂತ ಹೇಳಿಕೊಟ್ಟೆ. ಈಗ ಪಟ್ ಅಂತ ತೆರೆಯುತ್ತದೆ.

ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತೇ ಇಲ್ಲ. ಯುನಿಕೋಡ್ ಬರುವ ಇನ್‌ಡಿಸೈನ್ ಕಲಿತುಬಿಡಿ ಮಾವ, ಎಂದೆ. ತುಳಸಿ ಹಬ್ಬ ಮುಗಿದು ಆರ್ಡರ್ ಶುರುವಾಗಿವೆ. 'ಈ ಲಗ್ನದ ಸೀಸನ್ ಒಂದು ಮುಗೀಲಿ ತಡಿ' ಅಂದರು. ಹೋದ ವರ್ಷವೂ ಇದೇ ಮಾತು.