ಹದಿನೇಳು ಇಂಚಿನ ರಿಮ್ಮು ಮತ್ತು ಮೀಟರಿನ ಮುಳ್ಳು

ಭಾನುವಾರ, 15 ಜೂನ್ 2025

ಸಂಜೆ ಕಾಫಿ ಹೊತ್ತಿಗೆ ಪುಟ್ಟನ ಫೋನು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಆಗಿನ್ನೂ ಮಧ್ಯಾಹ್ನ. ಅವನ ಕೆಂಪು ಮಜ್ದಾ ಎಂಎಕ್ಸ್-5 ಗೊತ್ತಲ್ಲ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರು, 1992ರದು, 1.6 ಲೀಟರಿನ ಎಂಜಿನ್ನು, ಹೆಡ್‌ಲೈಟು ಕಪ್ಪೆಕಣ್ಣಿನ ಹಾಗೆ ಮೇಲೇಳುವಂಥದ್ದು.

"ಮಾಮ, 17 ಇಂಚಿನ ರಿಮ್ಮು ಸಿಕ್ಕಿದೆ, 205/40 ಟೈರಿನ ಸಮೇತ. ಹಾಕಿಸಿಬಿಡ್ಲಾ? ಸ್ಪೀಡೋಮೀಟರು ತಪ್ಪು ತೋರಿಸತ್ತೆ ಅಂತಾರೆ ಕೆಲವರು. ಮೀಟರು ಹೇಗೂ ಜಾಸ್ತಿನೇ ತೋರಿಸೋದು, ಸರಿಹೋಗತ್ತೆ ಬಿಡು ಅಂತಾರೆ ಇನ್ನು ಕೆಲವರು."

ಆ "ಸರಿಹೋಗತ್ತೆ ಬಿಡು" ಕೇಳಿದ ಮೇಲೆ ಕಾಫಿ ಆರಿದ್ದೂ ತಿಳಿಯಲಿಲ್ಲ. ಕಾಗದ ತಗೋ ಅಂದೆ.

ಕಾರ್ಖಾನೆಯಿಂದ ಬಂದ ಅಳತೆ 185/60 ಆರ್14. 185 ಅಂದರೆ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ; ಅದರ ಶೇ. 60, ಅಂದರೆ 111 ಮಿ.ಮೀ., ಟೈರಿನ ಪಕ್ಕದ ಗೋಡೆ, ಮೇಲೆ ಕೆಳಗೆ ಸೇರಿ 222. ರಿಮ್ಮಿನ 14 ಇಂಚು 355.6 ಮಿ.ಮೀ. ಒಟ್ಟು ವ್ಯಾಸ 577.6. ಈಗ ಅವನ 205/40 ಆರ್17: ಗೋಡೆ 82, ಎರಡು ಸಲ 164, ರಿಮ್ಮು 431.8, ಒಟ್ಟು 595.8. ಶೇ. 3.15 ದೊಡ್ಡದು. ಚಕ್ರದ ಒಂದು ಸುತ್ತಿಗೆ ಕಾರು ಅಷ್ಟು ಹೆಚ್ಚು ದೂರ ಹೋಗತ್ತೆ, ಆದರೆ ಮೀಟರನ್ನು ನಡೆಸುವ ಗೇರ್‌ಬಾಕ್ಸಿಗೆ ಅದು ಗೊತ್ತಾಗಲ್ಲ. ಅದು ಎಣಿಸೋದು ಸುತ್ತು ಮಾತ್ರ. ಮೀಟರು ಕರಾರುವಾಕ್ಕಾಗಿದ್ದರೆ, ಮುಳ್ಳು 100ರ ಮೇಲೆ ನಿಂತಾಗ ಕಾರು ಓಡುತ್ತಿರೋದು 103. ಅದೇ ರಿಮ್ಮಿಗೆ 215/40 ಹಾಕಿಸಿದರೆ ವ್ಯಾಸ 603.8, ವ್ಯತ್ಯಾಸ ಶೇ. 4.5.

"ಮೀಟರು ಹೇಗೂ ಜಾಸ್ತಿ ತೋರಿಸತ್ತಲ್ಲ" ಅಂತ ಮತ್ತೆ ಅದೇ ರಾಗ.

ತೋರಿಸತ್ತೆ, ನಿಜ. ವಿಶ್ವಸಂಸ್ಥೆಯ ಯುರೋಪ್ ಆಯೋಗದ 39ನೇ ನಿಯಮ ಇರೋದೇ ಹಾಗೆ: ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಹೆಚ್ಚು ತೋರಿಸಿದರೆ ನಿಜ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿ.ಮೀ., ಅಷ್ಟರೊಳಗೆ. ನಿಜ 100 ಇದ್ದಾಗ ಮುಳ್ಳು 100ರಿಂದ 114ರ ನಡುವೆ ಎಲ್ಲಿದ್ದರೂ ಅಡ್ಡಿಯಿಲ್ಲ. ಕಡಿಮೆ ಕಡೆಗೆ ಒಂದು ಕೂದಲೆಳೆಯಷ್ಟೂ ರಿಯಾಯಿತಿ ಇಲ್ಲ, ಹಾಗಾಗಿ ತಯಾರಕರು ಬೇಕಂತಲೇ ಸ್ವಲ್ಪ ಮೇಲೆ ಕೂರಿಸ್ತಾರೆ. ಪ್ರಶ್ನೆ ಇರೋದು ಎಷ್ಟು ಮೇಲೆ ಅನ್ನೋದು. ನಿನ್ನ ಕಾರಿನಲ್ಲಿ, ಇವತ್ತು, ಎಷ್ಟು? ನಿಜ 100ಕ್ಕೆ ಈಗ 104 ತೋರಿಸ್ತಿದ್ರೆ 17 ಇಂಚು ಹಾಕಿದ ಮೇಲೆ 100.8 ತೋರಿಸತ್ತೆ, ಬಚಾವ್. ಈಗ 102 ತೋರಿಸ್ತಿದ್ರೆ 98.9ಕ್ಕೆ ಇಳಿಯತ್ತೆ, ಫೇಲ್. 215/40 ಆದರಂತೂ 104 ಇದ್ದದ್ದೂ 99.5. ಅಳೆಯದೆ ಈ ಉಳಿಕೆಯನ್ನು ಖರ್ಚು ಮಾಡೋದು ಪಾಸ್‌ಬುಕ್ ನೋಡದೆ ಚೆಕ್ ಬರೆದ ಹಾಗೆ.

ಅಳೆಯೋಕೆ ಅವನ ಕಾರಿನಲ್ಲಿ ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಇಲ್ಲ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಫೋನಿನ ಜಿಪಿಎಸ್ ನೋಡಲು ಹೇಳಬೇಕು. ಟೈರು ತಣ್ಣಗಿದ್ದಾಗ ಗಾಳಿ 26 ಪಿಎಸ್‌ಐ. ಏರಿಳಿತ ಇಲ್ಲದ ನೇರ ರಸ್ತೆಯಲ್ಲಿ ಮುಳ್ಳನ್ನು 50, 80, 100, 120ರಲ್ಲಿ ಒಂದೊಂದು ಸಲ ಅರ್ಧ ನಿಮಿಷ ಅಲುಗಾಡದೆ ಹಿಡಿದು, ಫೋನಿನ ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳೋದು. ಜಿಪಿಎಸ್ ಒಂದೆರಡು ಸೆಕೆಂಡು ಹಿಂದೆ ಇರತ್ತೆ. ವೇಗ ಏರಿಸುವಾಗ ಓದಿದ ಅಂಕಿಗೆ ಬೆಲೆಯಿಲ್ಲ. ಆಟೋಬಾನಿನಲ್ಲಿ, ಅಂದರೆ ಅಲ್ಲಿನ ಹೆದ್ದಾರಿಯಲ್ಲಿ, ಪ್ರತಿ 500 ಮೀಟರಿಗೆ ಕಿ.ಮೀ. ಬರೆದ ನೀಲಿ ಫಲಕ ಇರೋದರಿಂದ ಓಡೋಮೀಟರನ್ನೂ ಅದೇ ಓಟದಲ್ಲಿ 10 ಕಿ.ಮೀ. ತಾಳೆ ನೋಡಬಹುದು. ಎರಡೂ ಒಂದೇ ಕೇಬಲ್ಲಿನಿಂದ ನಡೆದರೂ ಓಡೋಮೀಟರು ಹಲ್ಲಿನ ಚಕ್ರದ ಲೆಕ್ಕ, ಅದಕ್ಕೆ ಮುಳ್ಳಿನ ಹಾಗೆ ಮೇಲೆ ಕೂರಿಸಿದ ಉಳಿಕೆ ಇರಲ್ಲ. ದೊಡ್ಡ ಟೈರಿನಲ್ಲಿ ನಿಜವಾಗಿ 10,000 ಕಿ.ಮೀ. ಓಡಿದಾಗ ಅದು 9,695 ಅನ್ನತ್ತೆ. ಆಯಿಲ್ ಬದಲಿಸುವ ಲೆಕ್ಕ ಅಷ್ಟು ಹಿಂದೆ ಬೀಳತ್ತೆ.

ಈಗಿನ ಟೈರು ಎಷ್ಟು ಸವೆದಿದೆ ಅಂತ ಕೇಳಿದೆ. "ಪೂರ್ತಿ ಹೋಗಿದೆ ಮಾಮ, ಅದಕ್ಕೇ ಅಲ್ವಾ ಬದಲಾಯಿಸ್ತಿರೋದು" ಅಂದ.

ಇದನ್ನೇ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಹೊಸ ಟೈರಿನ 8 ಮಿ.ಮೀ. ಹಲ್ಲು 1.6ಕ್ಕೆ ಇಳಿದರೆ ವ್ಯಾಸ 12.8 ಮಿ.ಮೀ. ಕಡಿಮೆ, ಶೇ. 2.2. ಒಳಗಿನ ಸ್ಟೀಲ್ ಬೆಲ್ಟ್ ಕುಗ್ಗಲ್ಲವಾದ್ದರಿಂದ ಓಡುವ ಸುತ್ತಳತೆ ಪೂರಾ ಅಷ್ಟು ಇಳಿಯೋದಿಲ್ಲ, ಆದರೂ ಒಂದು ಶೇಕಡಾದ ಆಸುಪಾಸು ಹೋಗಿರತ್ತೆ. ಸವೆದ ಟೈರಿನಲ್ಲಿ ಮೀಟರು 104 ತೋರಿಸಿತು ಅಂತ ಖುಷಿಪಟ್ಟರೆ, ಅದರಲ್ಲಿ ಒಂದು ಭಾಗ ಟೈರಿನ ಸವೆತದ ಕೊಡುಗೆ. ಹೊಸದು ಹಾಕಿದ ದಿನ ಅದು ಇರಲ್ಲ. ಮೇಲಾಗಿ ಒಂದೇ 205/40 ಆರ್17 ಅಂತ ಬರೆದಿದ್ದರೂ ಕಂಪನಿಯಿಂದ ಕಂಪನಿಗೆ ವ್ಯಾಸದಲ್ಲಿ ಕೆಲವು ಮಿ.ಮೀ. ಹೆಚ್ಚುಕಮ್ಮಿ. ಟೈರಿನ ಅಳತೆ ಪಟ್ಟಿಯಲ್ಲಿ ಕಿ.ಮೀ.ಗೆ ಎಷ್ಟು ಸುತ್ತು ಅಂತ ಕೊಟ್ಟಿದ್ದರೆ ಅದನ್ನೇ ನಂಬಬೇಕು.

ಮೀಟರನ್ನೇ ತಿದ್ದಬಹುದಲ್ಲ ಅಂದ. ಬಹುದು, ಈ ಕಾರಿಗೆ ಸುಲಭವೇ. ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಕೇಬಲ್ ಹೋಗಿ ಸೇರುವ ಕಡೆ ಪ್ಲಾಸ್ಟಿಕ್ಕಿನ ಚಿಕ್ಕ ಗೇರು ಇದೆ. ಚಕ್ರ ದೊಡ್ಡದಾದರೆ ಕೇಬಲ್ಲು ಬೇಗ ತಿರುಗಬೇಕು, ಅಂದರೆ ಈ ಗೇರಿಗೆ ಹಲ್ಲು ಕಡಿಮೆ ಬೇಕು. 21 ಹಲ್ಲಿನದು ತೆಗೆದು 20 ಹಾಕಿದರೆ ಶೇ. 5 ವೇಗ. ಒಂದು ಹಲ್ಲಿಗಿಂತ ಸಣ್ಣ ಹೆಜ್ಜೆ ಇಲ್ಲ, ಹಾಗಾಗಿ 3.15ಕ್ಕೆ 5 ಹೆಚ್ಚಾಯಿತು. ಆದರೆ ಆ ತಪ್ಪು, ಕಾನೂನು ಒಪ್ಪುವ ಕಡೆಗೇ ಇದೆ. ಗೇರು ಬಿಚ್ಚಿದಾಗ ಅದರ ರಬ್ಬರ್ ಬಳೆ, ಓ-ರಿಂಗ್, ಹೊಸದು ಹಾಕದಿದ್ದರೆ ಆಯಿಲ್ ಜಿನುಗೋದು ಖಾತ್ರಿ. ಜಪಾನಿನ ಕೇಬಲ್ ಮೀಟರುಗಳಿಗೆ 1 ಕಿ.ಮೀ. ಅಂದರೆ ಕೇಬಲ್ಲಿನ 637 ಸುತ್ತು. ಮೀಟರಿನ ಕಡೆ ಕೇಬಲ್ ಬಿಚ್ಚಿ, ತುದಿಗೆ ಕಾಗದದ ಬಾವುಟ ಅಂಟಿಸಿ, ಕಾರನ್ನು ಅಳತೆ ಮಾಡಿದ 20 ಮೀಟರು ತಳ್ಳಿದರೆ 12.7 ಸುತ್ತು ಬರಬೇಕು. ಕಡಿಮೆ ಬಂದರೆ ಟೈರಿಗೆ ಗೇರು ಹೊಂದಿಲ್ಲ. ಸುತ್ತು ಸರಿಯಿದ್ದೂ ಮುಳ್ಳು ತಪ್ಪು ತೋರಿಸಿದರೆ ರೋಗ ಮೀಟರಿನದು: ಒಳಗಿನ ಆಯಸ್ಕಾಂತ ಬಲ ಕಳೆದುಕೊಂಡಿದೆ, ಇಲ್ಲವೇ ಮುಳ್ಳನ್ನು ಹಿಂದಕ್ಕೆಳೆಯುವ ಕೂದಲೆಳೆಯಂಥ ಸ್ಪ್ರಿಂಗ್ ಸೋತಿದೆ. ಮುಳ್ಳು ನಡುಗುತ್ತಿದ್ದರೆ ಕೇಬಲ್ಲು ಒಣಗಿದೆ ಅಥವಾ ಎಲ್ಲೋ ಮಡಿಚಿದೆ. ಟೈರಿಗೂ ಅದಕ್ಕೂ ಸಂಬಂಧ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಅವನ ದನಿಯಲ್ಲಿ 17 ಇಂಚು ಹಾಗೇ ಇತ್ತು. ವಯಸ್ಸು.

ಈ ಕಾರಿಗೆ 15 ಇಂಚೇ ಚೆಂದ. 195/50 ಆರ್15ರ ವ್ಯಾಸ 576, ಮೂಲಕ್ಕಿಂತ ಶೇ. 0.3 ಚಿಕ್ಕದು, ಮೀಟರಿಗೆ ಏನೂ ತಿಳಿಯಲ್ಲ, ತಿಳಿದರೂ ಮೇಲಿನ ಕಡೆಗೆ. ನೋಡೋಕೆ 205/50 ತುಂಬಿಕೊಂಡ ಹಾಗೆ ಕಾಣತ್ತೆ, ಆದರೆ ಶೇ. 1.5 ದೊಡ್ಡದು. ಅವನ ಕಾರಿನ ಮೂಲ ಅಲಾಯ್ ಒಂದೊಂದೂ ಸುಮಾರು ಐದೂವರೆ ಕೆಜಿ, 17ರದು ಸಾಮಾನ್ಯವಾಗಿ ಎಂಟು ದಾಟತ್ತೆ. 115 ಅಶ್ವಶಕ್ತಿಯ ಎಂಜಿನ್ನಿಗೆ ಆ ಭಾರ, ಜೊತೆಗೆ ಶೇ. 3 ಉದ್ದವಾದ ಗೇರಿಂಗು. ಮೂರನೇ ಗೇರಿನಲ್ಲಿ ಎಳೆಯುವಾಗ ಕಾರು ಉಸಿರು ಬಿಡತ್ತೆ.

ಜರ್ಮನಿಯಲ್ಲಿ ರಿಮ್ಮು ಬದಲಿಸಿದರೆ ತಯಾರಕರ ಅನುಮತಿ ಪತ್ರ ಬೇಕು, ಬಹಳ ಸಲ ವಾಹನ ಪರೀಕ್ಷಿಸುವ ಸಂಸ್ಥೆ ಟ್ಯೂಫ್‌ನವರ ತಪಾಸಣೆಯೂ ಆಗಬೇಕು. ಇಲ್ಲದಿದ್ದರೆ ಕಾರಿನ ಪರವಾನಗಿಯೇ ಬಿದ್ದುಹೋಗಬಹುದು. ವೇಗ ಹಿಡಿಯುವ ಕ್ಯಾಮೆರಾದವರು ಬಿಡೋದು 100ರವರೆಗೆ 3 ಕಿ.ಮೀ., ಅದರ ಮೇಲೆ ಶೇ. 3. ಅವನ 3.15 ಅಲ್ಲಿಗೇ ಮುಗೀತು. ಇಲ್ಲಿ ನಮ್ಮ ಮೈಸೂರು ಹೆದ್ದಾರಿಯ 100ರ ಮಿತಿಯಲ್ಲಿ, ಕ್ಯಾಮೆರಾ ಕೆಳಗೆ ದೊಡ್ಡ ರಿಮ್ಮಿನ ಹುಡುಗರು ಮುಳ್ಳು ನಂಬಿಕೊಂಡು ಹೋಗೋದೂ ಇದೇ ಲೆಕ್ಕ.

ಇನ್ನೊಂದು, 30 ವರ್ಷ ದಾಟಿದ ಕಾರಿಗೆ ಅಲ್ಲಿ ಪಾರಂಪರಿಕ ವಾಹನ ಅಂತ ಎಚ್ ಅಕ್ಷರದ ನಂಬರ್ ಪ್ಲೇಟು ಸಿಗತ್ತೆ, ಆದರೆ ಬದಲಾವಣೆ ಆ ಕಾಲಕ್ಕೆ ಒಪ್ಪುವಂತಿರಬೇಕು. ತೊಂಬತ್ತರ ದಶಕದ 15 ಇಂಚಿನ ರಿಮ್ಮು ಅಂದರೆ ಪರೀಕ್ಷಕರು ತಲೆ ಆಡಿಸಬಹುದು. 17ಕ್ಕೆ ಕಷ್ಟ. ಇದು ಕೇಳಿದಾಗ ಮಾತ್ರ ಪುಟ್ಟ ಸುಮ್ಮನಾದ.

ಆಮೇಲೆ "15ರಲ್ಲಿ ಆರೂವರೆ ಅಗಲದ್ದು, ಆಫ್‌ಸೆಟ್ 38, ಕೂರತ್ತಾ?" ಅಂದ. ಆಫ್‌ಸೆಟ್ ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನೋದು; ಅದು ಇಳಿದಷ್ಟೂ ಚಕ್ರ ಹೊರಕ್ಕೆ ಚಾಚತ್ತೆ. ನಾಲ್ಕು ಬೋಲ್ಟು, ಅವು ಕೂರೋದು 100 ಮಿ.ಮೀ. ವ್ಯಾಸದ ವೃತ್ತದಲ್ಲಿ, ಮಧ್ಯದ ತೂತು 54.1 ಮಿ.ಮೀ.; ರಿಮ್ಮಿನ ತೂತು ಅದಕ್ಕಿಂತ ದೊಡ್ಡದಿದ್ದರೆ ರಿಂಗ್ ಹಾಕದೆ ಬಿಟ್ಟರೆ ಸ್ಟಿಯರಿಂಗು ನಡುಗತ್ತೆ. ನಟ್ಟು ಎಂ12, 1.5ರ ಎಳೆ, ಬಿಗಿ 90ರಿಂದ 118 ನ್ಯೂಟನ್ ಮೀಟರ್, 50 ಕಿ.ಮೀ. ಓಡಿಸಿ ಮತ್ತೆ ಒಂದು ಸಲ. ಮೂಲ ರಿಮ್ಮು ಐದೂವರೆ ಅಗಲ, ಆಫ್‌ಸೆಟ್ 45. ಒಂದು ಇಂಚು ಅಗಲವಾದರೆ ಎರಡೂ ಕಡೆಗೆ 12.7, ಆಫ್‌ಸೆಟ್ ಇಳಿದದ್ದು 7. ಹೊರಗಡೆಗೆ ಹತ್ತಿರ ಹತ್ತಿರ 20 ಮಿ.ಮೀ., ಒಳಗಡೆಗೆ 6. ಮುಂದೆ ಪೂರ್ತಿ ತಿರುಗಿಸಿದಾಗ ಒಳಗಿನ ಲೈನರ್ ನೋಡಬೇಕು, ಹಿಂದಿನ ಚಕ್ರಕ್ಕೆ, ಕಾರಿನಲ್ಲಿ ಇಬ್ಬರು ಕೂತು ಗುಂಡಿಗೆ ಬಿದ್ದಾಗ, ಮಡ್‌ಗಾರ್ಡಿನ ಒಳಅಂಚು, ಅದನ್ನು ಮಡಿಸಿದರೆ ಬಣ್ಣ ಬಿರುಕು ಬಿಡತ್ತೆ, ತುಕ್ಕು ಹಿಡಿಯೋದೂ ಅಲ್ಲೇ.