ನೆಬ್ಯುಲೈಸರ್ ಹಿಡಿದು ಕುಳಿತ ಬೆಳಿಗ್ಗೆ

14 ನವೆಂಬರ್ 2024, ಗುರುವಾರ

ಬೆಳಿಗ್ಗೆ ಸ್ನಾನ ಮುಗಿಸಿ ಕುರ್ಚಿಯವರೆಗೆ ಬರುವಷ್ಟರಲ್ಲಿ ಏದುಸಿರು ಹತ್ತಿ, ಒಂದು ಮಾತನ್ನು ಪೂರ್ತಿಯಾಗಿ ಆಡುವುದಕ್ಕೂ ಆಗದಂತಾಯಿತು. ಇಂಥ ಹೊತ್ತಿನಲ್ಲಿ ಕೈ ತಾನಾಗಿ ನೆಬ್ಯುಲೈಸರ್ ಕಡೆಗೆ, ಅಂದರೆ ಔಷಧವನ್ನು ಮಂಜಾಗಿಸಿ ಉಸಿರಿನೊಂದಿಗೆ ಒಳಗೆ ಕಳಿಸುವ ಯಂತ್ರದ ಕಡೆಗೆ ಹೋಗುತ್ತದೆ. ಆದರೆ ನಾನು ಮೊದಲು ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ, ತುಟಿಗಳನ್ನು ಕಿರಿದಾಗಿಸಿಕೊಂಡು ನಿಧಾನವಾಗಿ ಉಸಿರು ಬಿಡುತ್ತೇನೆ. ನನಗಿರುವ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ತೀವ್ರವಾದಾಗ ಗಾಳಿಯನ್ನು ಒಳಗೆಳೆಯುವುದಕ್ಕಿಂತ ಹೊರಗೆ ಬಿಡುವುದೇ ಹೆಚ್ಚು ಕಷ್ಟ. ಬೇಗ ಬೇಗ ಉಸಿರಾಡಿದಷ್ಟೂ ಹಳೆಯ ಗಾಳಿ ಶ್ವಾಸಕೋಶದಲ್ಲೇ ಸಿಕ್ಕಿಬಿದ್ದು, ಹೊಸ ಗಾಳಿಗೆ ಜಾಗವೇ ಉಳಿಯುವುದಿಲ್ಲ. ರಕ್ತದಲ್ಲಿನ ಆಕ್ಸಿಜನ್ ಮಟ್ಟವನ್ನು ಅಳೆಯಲು ಬೆರಳಿಗೆ ಹಾಕಿದ ಆಕ್ಸಿಮೀಟರ್ ಶೇಕಡಾ 91 ತೋರಿಸಿತು. ವೈದ್ಯರು ನನಗೆ ಹಾಕಿಕೊಟ್ಟಿರುವ ಮಿತಿ 88ರಿಂದ 92, ಆದ್ದರಿಂದ ಆ ಅಂಕಿ ಗಾಬರಿಪಡುವಂಥದ್ದಾಗಿರಲಿಲ್ಲ. ಆದರೂ ಎದೆಯ ಬಿಗಿತ ಸಡಿಲಾಗಲಿಲ್ಲವಾದ್ದರಿಂದ ನೆಬ್ಯುಲೈಸರ್ ಹಚ್ಚಿದೆ.

ಪುಟ್ಟ ಪ್ಲಾಸ್ಟಿಕ್ ಬಟ್ಟಲಿಗೆ ಶ್ವಾಸನಾಳ ಸಡಿಲಿಸುವ ಎರಡು ಔಷಧಗಳು: 2.5 ಮಿಲಿಗ್ರಾಂ ಸಾಲ್ಬುಟಮಾಲ್ ಮತ್ತು 500 ಮೈಕ್ರೋಗ್ರಾಂ ಇಪ್ರಟ್ರೋಪಿಯಂ, ನನಗೆ ಬರೆದುಕೊಟ್ಟಿರುವ ಪ್ರಮಾಣ. ಕಂಪ್ರೆಸರಿನಿಂದ ರಭಸವಾಗಿ ಬರುವ ಗಾಳಿ ದ್ರವವನ್ನು ಒಡೆದು ಮಂಜಾಗಿಸುತ್ತದೆ. ಆ ಹನಿಗಳು ಸುಮಾರು 1ರಿಂದ 5 ಮೈಕ್ರಾನ್ ಗಾತ್ರದಲ್ಲಿದ್ದರೆ ಮಾತ್ರ ಕಿರಿಯ ಶ್ವಾಸನಾಳಗಳನ್ನು ತಲುಪುತ್ತವೆ, ದೊಡ್ಡವು ಬಾಯಿ ಗಂಟಲಲ್ಲೇ ಅಂಟಿಕೊಳ್ಳುತ್ತವೆ. ನಾನು ಮಾಸ್ಕಿಗಿಂತ ಬಾಯಿಗಿಡುವ ನಳಿಕೆಯನ್ನೇ ಇಷ್ಟಪಡುತ್ತೇನೆ. ಇಪ್ರಟ್ರೋಪಿಯಂನ ಮಂಜು ಕಣ್ಣಿಗೆ ತಾಗಬಾರದು, ಗ್ಲಾಕೋಮ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇದ್ದವರಿಗಂತೂ ಅದು ಅಪಾಯಕರ. ಬೆನ್ನು ನೆಟ್ಟಗಿಟ್ಟು, ಬಟ್ಟಲನ್ನು ಓರೆಯಾಗದಂತೆ ಹಿಡಿದು, ಸಹಜವಾಗಿ ಉಸಿರಾಡುತ್ತಿದ್ದರೆ ಸಾಕು. ಮಂಜು ತೆಳುವಾಗಿ, ಚಿಟಿಚಿಟಿ ಸದ್ದು ಶುರುವಾದಾಗ ಬಟ್ಟಲಿನ ಗೋಡೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಅಂಚಿನಲ್ಲಿ ನಿಂತಿದ್ದ ಹನಿಗಳು ತಳಕ್ಕೆ ಜಾರಿ ಮತ್ತೆ ಸ್ವಲ್ಪ ಹೊತ್ತು ಮಂಜು ಬರುತ್ತದೆ.

ಮುಗಿಯುವ ವೇಳೆಗೆ ಕೈಬೆರಳುಗಳು ಸಣ್ಣಗೆ ನಡುಗುತ್ತಿದ್ದವು, ಎದೆಬಡಿತವೂ ಏರಿತ್ತು. ಸಾಲ್ಬುಟಮಾಲಿನಿಂದ ಹೀಗಾಗುವುದು ಸಾಮಾನ್ಯ ಎಂದು ಗೊತ್ತಿರುವುದರಿಂದ ಈಗ ಹೆದರಿಕೆಯಾಗುವುದಿಲ್ಲ. ಉಸಿರು ಸ್ವಲ್ಪ ಸ್ವಲ್ಪವಾಗಿ ಉದ್ದವಾಯಿತು, ಕಫ ಸಡಿಲಗೊಂಡು ಹೊರಬಂತು.

ಯಂತ್ರ ಮುಂದಿದ್ದರೆ ನನಗೆ ಆಕ್ಸಿಜನ್ ಸಿಗುತ್ತಿದೆ ಎಂದು ನನ್ನವರು ಎಷ್ಟೋ ಸಲ ಭಾವಿಸಿದ್ದಾರೆ, ಇದನ್ನು ಬಿಡಿಸಿ ಹೇಳುವುದು ಅಗತ್ಯವೆಂದು ನನಗನ್ನಿಸುತ್ತದೆ. ಮನೆಯ ಕಂಪ್ರೆಸರ್ ಕೋಣೆಯ ಗಾಳಿಯನ್ನೇ ಬಳಸುತ್ತದೆ, ಶ್ವಾಸನಾಳದ ಸುತ್ತಲಿನ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಮಾತ್ರ ಒಳಗೆ ಸಾಗಿಸುತ್ತದೆ. ನಾಶವಾದ ಗಾಳಿಚೀಲಗಳನ್ನು ಅದು ಮರಳಿ ಕೊಡಲಾರದು. ನಮ್ಮಂಥವರಲ್ಲಿ ಕೆಲವರಿಗೆ ಆಕ್ಸಿಜನ್ ಅತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುವುದರಿಂದ, ವೈದ್ಯರು ಹೇಳದೆ ಆಕ್ಸಿಜನನ್ನು ಹೆಚ್ಚಿಸಬಾರದು. ಸ್ಪೇಸರ್ (ಔಷಧದ ಮಂಜನ್ನು ಹಿಡಿದಿಡುವ ಟೊಳ್ಳು ನಳಿಕೆ) ಜೋಡಿಸಿದ ಇನ್ಹೇಲರನ್ನು ಸರಿಯಾಗಿ ಬಳಸಬಲ್ಲವರಿಗೆ ಅದರಿಂದಲೂ ಬಹುಮಟ್ಟಿಗೆ ಇಷ್ಟೇ ಪ್ರಯೋಜನವಾಗುತ್ತದೆ. ಉಸಿರಿಗೂ ಕೈಗೂ ತಾಳಮೇಳ ತಪ್ಪುವಷ್ಟು ಸುಸ್ತಾದಾಗಲೇ ನನಗೆ ನೆಬ್ಯುಲೈಸರಿನ ನಿಜವಾದ ಬೆಲೆ ತಿಳಿಯುವುದು.

ಪ್ರತಿ ಬಾರಿ ಹಚ್ಚಿದ ಸಮಯವನ್ನೂ ಎಷ್ಟು ಹೊತ್ತು ಹಾಯೆನಿಸಿತು ಎಂಬುದನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ಒಂದು ದಿನದ ಏದುಸಿರಿಗಿಂತ ಈ ಪುಟಗಳನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಔಷಧ ಬೇಕೆನಿಸುವ ಅಂತರ ದಿನದಿಂದ ದಿನಕ್ಕೆ ಕಿರಿದಾಗುತ್ತಿದ್ದರೆ, ಕಫ ಹೆಚ್ಚಿದರೆ ಅಥವಾ ಅದರ ಬಣ್ಣ ಹಳದಿಗೋ ಹಸಿರಿಗೋ ತಿರುಗಿದರೆ, ರೋಗ ಉಲ್ಬಣಿಸುತ್ತಿದೆ ಎಂದೇ ತಿಳಿಯಬೇಕು. ತುಟಿ ನೀಲಿಯಾದರೆ, ಮಂಪರು ಕವಿದರೆ, ಮಾತು ತಡವರಿಸಿದರೆ ಮನೆಯಲ್ಲಿ ಮತ್ತೊಂದು ಸುತ್ತು ಹಚ್ಚಿ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಬಟ್ಟಲು, ನಳಿಕೆಗಳನ್ನು ಸೋಪಿನ ಬಿಸಿನೀರಲ್ಲಿ ತೊಳೆದು, ಕುದಿಸಿ ಆರಿಸಿದ ನೀರಲ್ಲಿ ಜಾಲಿಸಿ ಒಣಗಲು ಇಟ್ಟೆ. ತೇವ ಉಳಿದರೆ ಅಲ್ಲೇ ಬ್ಯಾಕ್ಟೀರಿಯಾ ಬೆಳೆದು ಮುಂದಿನ ಮಂಜಿನೊಂದಿಗೆ ನೇರ ಎದೆಗಿಳಿಯುತ್ತವೆ. ಗಾಳಿಯ ಕೊಳವೆಯನ್ನು ನೀರಿಗೆ ಅದ್ದಲಿಲ್ಲ, ಯಂತ್ರವನ್ನು ಸ್ವಲ್ಪ ಹೊತ್ತು ಬರಿದೇ ಓಡಿಸಿ ಒಣಗಿಸಿದೆ. ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿದೆ, ಬದಲಾಯಿಸಬೇಕು.

ಸಂಜೆಯವರೆಗೆ ಕಫದ ಬಣ್ಣ ಬದಲಾಗಿಲ್ಲ, ಜ್ವರವೂ ಇಲ್ಲ. ಆದರೆ ಕಳೆದ ವಾರದ ಪುಟಗಳಿಗೆ ಹೋಲಿಸಿದರೆ ಅಂತರ ಕಡಿಮೆಯಾಗಿದೆ. ವೈದ್ಯರಿಗೆ ಫೋನಿನಲ್ಲಿ ತಿಳಿಸಿದ್ದೇನೆ. ನಾಳೆ ಪುಸ್ತಕ ಹಿಡಿದುಕೊಂಡೇ ಬರಲು ಹೇಳಿದ್ದಾರೆ.